ಮೋಟರ್ ವೈರಿನ ಮನೆ

ಫ್ರೆಂಡ್ಸ್, ಸಿಂಧಘಟ್ಟದ ನಮ್ಮ ಮನೆಯ ಹಾಲ್‌ಗೆ ಹೊಸ ಲೈಟ್ ಹಾಕಲು ಇವತ್ತು ಬೆಳಿಗ್ಗೆ ಸ್ಟೂಲ್ ಹತ್ತಿದೆ.

ಹಳೇ ಟ್ಯೂಬ್‌ಲೈಟ್ ಬಿಚ್ಚಿದರೆ ಮೇಲಿನಿಂದ ಇಳಿದದ್ದು ಒಂದು ಹಳದಿ, ಒಂದು ನೀಲಿ ವೈರು. ತೊಂಬತ್ತರ ದಶಕದಲ್ಲಿ ಇಡೀ ಮನೆಗೆ ವೈರಿಂಗ್ ಮಾಡಿದ್ದು ದೊಡ್ಡಪ್ಪ. ಕೇಳಿದರೆ, "ಬೋರ್ ಮೋಟ್ರಿಗೆ ತಂದಿದ್ದ ವೈರು ಮಿಕ್ಕಿತ್ತು ಕಣ್ಲಾ, ಅಂಗೇ ಎಳ್ದ್ಬುಟ್ಟೆ" ಅಂದರು.

"ಇದ್ರಲ್ಲಿ ಕರೆಂಟ್ ಬರೋದು ಯಾವ್ದು?"

"ಒಂದೊಂದು ರೂಮಲ್ಲಿ ಒಂದೊಂದು."

ಸ್ವಿಚ್ ಆಫ್ ಮಾಡಿಯೇ ಹತ್ತಿದ್ದೆ. ಆದರೂ ಅನುಮಾನ ಬಂದು ಹಳದಿ ವೈರಿಗೆ ಟೆಸ್ಟರ್ ಇಟ್ಟರೆ ಟೆಸ್ಟರಿನ ದೀಪ ಹೊತ್ತಿಕೊಂಡಿತು!

"ದೊಡ್ಡಪ್ಪ, ಸ್ವಿಚ್ ಹಾಕ್ಬೇಕಾದ್ದು ಕರೆಂಟ್ ಬರೋ ವೈರಿಗೆ. ನೀವು ಇನ್ನೊಂದಕ್ಕೆ ಹಾಕಿದ್ದೀರ!"

"ಆಫ್ ಮಾಡುದ್ರೆ ಲೈಟ್ ಆರ್ತದಲ್ಲ, ಇನ್ನೇನ್ಲಾ ಬೇಕು ನಿಂಗೆ?"

"ಇಷ್ಟು ವರ್ಷ ಟ್ಯೂಬ್ ಕೆಟ್ಟಾಗೆಲ್ಲ ಕೈ ಹಾಕಿದ್ದೀರಲ್ಲ, ಶಾಕ್ ಹೊಡೀಲಿಲ್ವಾ?"

"ನಾನ್ಯಾಕ್ಲಾ ಕೈ ಹಾಕ್ಲಿ? ನಿಮ್ಮಪ್ಪನ್ನ ಹತ್ತುಸ್ತಿದ್ದೆ."

ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದ ಅಪ್ಪ ಲೋಟ ಕೆಳಗಿಟ್ಟರು. ಹೋಗಿ ಮೇನ್ ಸ್ವಿಚ್ ಆಫ್ ಮಾಡಿ, ಅದರ ಕೆಳಗೇ ಕುರ್ಚಿ ಹಾಕಿಕೊಂಡು ಕೂತರು.

ಸಂಜೆಯಾಯಿತು, ಇನ್ನೂ ಎದ್ದಿಲ್ಲ. ನನ್ನ ಮೊಬೈಲಿನ ಚಾರ್ಜ್ ಮುಗಿಯುತ್ತಾ ಬಂತು.