ಸೈಡ್‌ವಿಂಗಿನ ಬಿಳಿ ಕಾರ್ಡು

ಇಸವಿ ೧೯೯೫, ನನಗಾಗ ನಲವತ್ತೊಂಬತ್ತು ವರ್ಷ. ಹೈಸ್ಕೂಲಿನ ಕನ್ನಡ ಮೇಷ್ಟ್ರ ಕೆಲಸ ಬಿಟ್ಟು ತೊಣ್ಣೂರು ಕೆರೆಯ ಕೆಳಗಿನ ನಮ್ಮ ಗದ್ದೆ ನೋಡಿಕೊಂಡಿದ್ದ ನನಗೆ ಉಳಿದಿದ್ದ ಗೌರವವೆಂದರೆ, ಊರಿನ ನಾಟಕದಲ್ಲಿ ರಂಗದ ಪಕ್ಕದ ಪರದೆಯ ಮರೆಗೆ ಹಾಕುತ್ತಿದ್ದ ಒಂದು ಸ್ಟೂಲು, ಅದರ ಕಾಲಿಗೊರಗಿ ನಿಂತ ಶುಂಠಿ ಕಷಾಯದ ಫ್ಲಾಸ್ಕು. ಬಣ್ಣ ಹಚ್ಚಿದ ರೈತರು ಮಾತು ಮರೆತು ಕಣ್ಣುಕಣ್ಣು ಬಿಡುವಾಗ, ಅಲ್ಪಪ್ರಾಣ ಮಹಾಪ್ರಾಣಗಳಿಗೆ ಕಿಂಚಿತ್ತೂ ಲೋಪ ಬಾರದಂತೆ ಮುಂದಿನ ಸಾಲನ್ನು ಎತ್ತಿಕೊಡುತ್ತಿದ್ದವನು ನಾನು. ಸಭಿಕರಿಗೆ ಕಾಣದ ಆ ಸ್ಟೂಲನ್ನು ರಂಗದ ಮೇಲಿನ ಸಿಂಹಾಸನಕ್ಕಿಂತ ಕಡಿಮೆಯದೆಂದು ನಾನು ಎಂದೂ ಭಾವಿಸಿದವನಲ್ಲ.

ಅಲ್ಲಿಗೆ ಬಂದದ್ದು ಬಿಳಿ ಕಾರ್ಡು. ಕೆ.ಆರ್. ಪೇಟೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ನಮ್ಮೂರ ಶಿವಣ್ಣ ಮೈಸೂರಿನಿಂದ ನಾಲ್ಕು ಖಾಲಿ ಕಾರ್ಡುಗಳನ್ನು ತಂದಿದ್ದ. ಮೊಳದುದ್ದ, ಪಿಂಗಾಣಿಯಂಥ ನುಣುಪು. ಮಾರ್ಕರ್ ಪೆನ್ನಿನಲ್ಲಿ ಸಾಲಿನ ಮೊದಲ ಪದಗಳನ್ನು ದಪ್ಪಗೆ ಬರೆದು ಎತ್ತಿ ಹಿಡಿಯುವುದು, ಒಣಬಟ್ಟೆಯಲ್ಲಿ ಒರೆಸುವುದು, ಮತ್ತೆ ಬರೆಯುವುದು. ತಾಲೀಮಿನಲ್ಲಿ ರಾಜಪಾರ್ಟಿನ ಬೋರೇಗೌಡ ಅದನ್ನು ಓರೆಗಣ್ಣಿನಲ್ಲಿ ನೋಡುತ್ತ ಇಡೀ ಅಂಕವನ್ನು ತಡವರಿಸದೆ ದಾಟಿಬಿಟ್ಟ.

"ಮೇಷ್ಟ್ರೇ, ನೀವು ಗಂಟ್ಲು ಅರ್ಕೊಳದು ತಪ್ತು ಬುಡಿ," ಎಂದ. "ಈ ಸಲ ಇದ್ನೇ ನೋಡವ. ಸರ್ಯಾಗ್ ನಡುದ್ರೆ, ಮುಂದ್ಲೊರ್ಸದಿಂದ ನೀವು ಮುಂದ್ಗಡೆ ಕುರ್ಚೀಲಿ ಕುಂತ್ಕಂಡು ಆಟ ನೋಡಿ."

ಮುಂದಿನ ಕುರ್ಚಿ! ಸ್ನೇಹಿತರೇ, ಪದಚ್ಯುತಿಗೆ ಇದಕ್ಕಿಂತ ವಿನಯದ ಹೆಸರನ್ನು ನಾನು ಕೇಳಿಲ್ಲ.

ಮನುಷ್ಯನ ಮೇಲಣ ಅಸೂಯೆಗೆ ಸಮಾಧಾನದ ದಾರಿಗಳುಂಟು. ಅವನಿಗೂ ನೆಗಡಿಯಾಗುತ್ತದೆ, ಅವನಿಗೂ ಮುಪ್ಪು ಬರುತ್ತದೆ. ವಸ್ತುವಿನ ಮೇಲೆ ಅಸೂಯೆಪಟ್ಟವನಿಗೆ ಅಂಥ ಅನುಕೂಲವಿಲ್ಲ. ನೋಡಿಕೊಡುವೆನೆಂದು ಒಂದು ಕಾರ್ಡನ್ನು ಮನೆಗೊಯ್ದೆ. ಬಾಗಿಸಿದೆ, ನೆಟ್ಟಗಾಯಿತು. ಉಗುರಿನಿಂದ ಗೀಚಿದೆ, ಗೀರು ಬೀಳಲಿಲ್ಲ. ಬಚ್ಚಲ ತೊಟ್ಟಿಯಲ್ಲಿ ಮುಳುಗಿಸಿದೆ, ಮಿಂದು ಬಂದ ಮದುಮಗನಂತೆ ಎದ್ದಿತು. "ಮಗ್ಗಿ ಬರ್ದೆ ಇರೋ ಮಕ್ಕಳನ್ನ ನಿಲ್ಲಿಸ್ದಂಗೆ ಅದನ್ಯಾಕೆ ಬಿಸಿಲಲ್ಲಿ ನಿಲ್ಲಿಸಿದ್ದೀರಿ?" ಎಂದು ಹೆಂಡತಿ ಕೇಳಿದಳು. ನನ್ನನ್ನು ಕಾಡಿದ್ದು ಅದರ ಬಾಳಿಕೆಯಷ್ಟೇ ಅಲ್ಲ, ಅದರ ಮರೆವು. ನಿನ್ನೆಯ ತಪ್ಪುಗಳಲ್ಲಿ ಒಂದನ್ನೂ ಉಳಿಸಿಕೊಳ್ಳದೆ ಅದು ಪ್ರತಿದಿನವೂ ಎಲ್ಲರಿಗೂ ಬೇಕಾಗಿ ಬೆಳಗುತ್ತಿತ್ತು. ಯಾರು ಯಾವ ವರ್ಷ ಯಾವ ಮಾತನ್ನು ಕೆಡಿಸಿದರೆಂಬುದನ್ನೆಲ್ಲ ನೆನಪಿಟ್ಟ ನಾನು ಎದುರಾದರೆ ಬೋರೇಗೌಡ ದಾರಿ ಬದಲಿಸುತ್ತಿದ್ದ.

ನಾಟಕದ ದಿನ ಬಂತು. ಬಾಯಿ ತೆರೆಯಬಾರದೆಂಬ ಕಟ್ಟಪ್ಪಣೆಯ ಮೇಲೆ ನಾನು ಸ್ಟೂಲಿನಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ನಿಂತ ಶಿವಣ್ಣ ಬರೆದು ಒರೆಸುತ್ತಿದ್ದ. ಮೊದಲ ಅಂಕ ನೀರು ಕುಡಿದಂತೆ ಸಾಗಿತು. ಎರಡನೆಯದರಲ್ಲಿ, ರಾಜ ಕತ್ತಿಯೆತ್ತಿ ಗರ್ಜಿಸಬೇಕಾದ ಗಳಿಗೆಯಲ್ಲಿಯೇ, ನಾಗಮಂಗಲದಿಂದ ಬಂದಿದ್ದ ಬೋರೇಗೌಡನ ಬೀಗರು ಹಾರ ಹಿಡಿದು ರಂಗವೇರಿದರು. ನಮ್ಮ ಕಡೆ ಇದು ವಾಡಿಕೆ. ಕಥೆ ಕಾಯುತ್ತದೆ, ಹಾರ ಕಾಯುವುದಿಲ್ಲ. ಹಾರ ಹಾಕಿದವರು ಇಳಿಯದೆ ಫೋಟೋಗಾಗಿ ಸಾಲಾಗಿ ನಿಂತರು. ಕೊರಳ ಹಾರದೊಳಗೆ ಗಲ್ಲದವರೆಗೆ ಮುಳುಗಿದ್ದ ರಾಜ ಕಾರ್ಡಿನತ್ತ ತಿರುಗಿದ. ಕಂಡದ್ದು ಬೀಗರ ಪೇಟ. ಶಿವಣ್ಣ ತುದಿಗಾಲಿನಲ್ಲಿ ನಿಂತ. ಪೇಟ ಅವನಿಗಿಂತ ಎತ್ತರ. ಹಾರ್ಮೋನಿಯಂ ಒಂದೇ ಸ್ವರವನ್ನು ಎಳೆಯತೊಡಗಿತು.

ಆ ಮೌನ ನನಗೆ ಎಷ್ಟು ರುಚಿಸಿತೆಂದು ಹೇಗೆ ಹೇಳಲಿ. ಇನ್ನೊಂದು ಗಳಿಗೆ ಸವಿಯೋಣವೆನ್ನಿಸಿತು. ಆದರೆ ಸಾಲೊಂದು ಅರ್ಧಕ್ಕೆ ನಿಂತರೆ ಸುಮ್ಮನಿರುವ ಶಕ್ತಿ ನನ್ನ ಜಾಯಮಾನದಲ್ಲಿಯೇ ಇಲ್ಲ. ಅಪ್ಪಣೆ ಮುರಿದು ಎತ್ತಿಕೊಟ್ಟೆ. ಪೇಟಗಳ ಸಂದಿಯಿಂದ ರಾಜ ಗರ್ಜಿಸಿದ. ಬೀಗರು ಬೆಚ್ಚಿ ಇಳಿದರು.

ಅಂಕದ ಪರದೆ ಬಿದ್ದೊಡನೆ ಬೋರೇಗೌಡ ಬೆವರೊರೆಸುತ್ತ ಒಳಬಂದ. "ಶಿವಣ್ಣ, ನೀ ಕಾರ್ಡ್ ಇಡ್ಕಂಡೇ ಇರ್ಲಾ. ಮೇಷ್ಟ್ರೇ, ನೀವೂ ಎದ್ಗಿದ್ಬುಟ್ಟೀರಿ, ಶ್ರೀರಂಗಪಟ್ಟಣದ ನೆಂಟ್ರು ಇನ್ನೂ ಆರ ಆಕಿಲ್ಲ. ಯಾರ್ಲಾ ಅಲ್ಲಿ, ಇನ್ನೊಂದು ಸ್ಟೂಲ್ ತತ್ತಾ."

ಸ್ಟೂಲು ಬಂತು, ನನ್ನದರ ಪಕ್ಕಕ್ಕೇ ಬಂತು. ಶಿವಣ್ಣ ಅದರಲ್ಲಿ ಕುಳಿತ; ನಾನು ಅತ್ತ ನೋಡಲಿಲ್ಲ. ಮೂರನೆಯ ಅಂಕದ ನಡುವೆ ನನ್ನ ಮೂಗಿನ ಮುಂದೆ ಕಾರ್ಡೊಂದು ಮೆಲ್ಲನೆ ಇಳಿಯಿತು: "ನನಗೂ ಒಂದು ಲೋಟ ಕಷಾಯ." ಗಂಟಲಿನ ಕೆಲಸವೇ ಇಲ್ಲದವನಿಗೆ ಕಷಾಯವೇಕೆಂದು ಕೇಳಬೇಕೆನ್ನಿಸಿತು. ಕೇಳುವಷ್ಟರಲ್ಲಿ ಅವನು ಅದನ್ನು ಒರೆಸಿ, ರಾಜನ ಮುಂದಿನ ಸಾಲನ್ನು ಬರೆಯುತ್ತಿದ್ದ. ಕಾರ್ಡು ಎಂದಿನಂತೆ ಅಚ್ಚ ಬಿಳಿ. ನನಗೆ ಇಂದಿಗೂ ಅದರ ಮೇಲೆ ಹೊಟ್ಟೆಕಿಚ್ಚು. ಫ್ಲಾಸ್ಕಿನ ಮುಚ್ಚಳಕ್ಕೆ ಕಷಾಯ ಬಗ್ಗಿಸಿ, ಅವನ ಸ್ಟೂಲಿನ ಕಡೆಗೆ ಸರಿಸಿದೆ. ಅಂದು ೧೯೯೫ನೆಯ ಇಸವಿ ಏಪ್ರಿಲ್ ತಿಂಗಳ ಇಪ್ಪತ್ತೆರಡನೆಯ ತಾರೀಕು, ಶನಿವಾರ.