ಸಂದಿಲ್ಲದ ಮೇಜು

ಬೀವರ್ ಬ್ರೂಕ್ ಹಳ್ಳಿಯಲ್ಲಿ ಯಾರ ಮನೆಗೆ ಹೋದರೂ ಕೆಳಗಿನ ಕೋಣೆಯಲ್ಲಿ ಕಾಣುತ್ತಿದ್ದುದು ಕಿರಿದಾದ ಹಲಗೆಗಳೇ. ನೆಲಕ್ಕೂ ಅವೇ, ಗೋಡೆಗೂ ಅವೇ, ಊಟದ ಮೇಜಿಗೂ ಅವೇ. ಅಟ್ಟ ಹತ್ತಿದರೆ ಕಥೆ ಬೇರೆ. ಅಲ್ಲಿ ಒಣಹಾಕಿದ ಜೋಳದ ತೆನೆಗಳ ಕೆಳಗೆ, ಮಕ್ಕಳು ಮಲಗುವ ಹುಲ್ಲಿನ ಹಾಸಿಗೆಯ ಕೆಳಗೆ, ಒಬ್ಬ ಆಳು ಆರಾಮವಾಗಿ ಮಲಗುವಷ್ಟು ಅಗಲದ ಬಿಳಿ ಪೈನ್ ಹಲಗೆಗಳು ಸದ್ದಿಲ್ಲದೆ ಇರುತ್ತಿದ್ದವು. ಊರಿಗೆಲ್ಲ ಗೊತ್ತಿದ್ದ ಗುಟ್ಟು ಅದು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಬಿಳಿ ಪೈನ್ ಒಂದು ಅಳತೆ ಮೀರಿ ದಪ್ಪವಾದರೆ ಅದು ಸಮುದ್ರದಾಚೆ ಲಂಡನ್ನಿನಲ್ಲಿ ಕೂತು ನಮ್ಮನ್ನಾಳುವ ದೊರೆಯದು ಎಂಬುದು ಕಾಯಿದೆ. ಅವನ ಯುದ್ಧದ ಹಡಗುಗಳಿಗೆ ಹಾಯಿಪಟದ ಕಂಬ ಬೇಕಲ್ಲ. ಮರ ನಿಮ್ಮ ಹೊಲದಲ್ಲೇ ಇರಲಿ, ನಿಮ್ಮ ಮನೆಯ ಮೇಲೇ ವಾಲಿಕೊಂಡಿರಲಿ, ದೊರೆಯ ಆಳು ಬಂದು ಕೊಡಲಿಯಿಂದ ಮೂರು ಏಟು ಹಾಕಿ ಬಾಣದ ಗುರುತು ಕೆತ್ತಿ ಹೋದನೆಂದರೆ ಮುಗಿಯಿತು, ನೀವು ಅದರ ನೆರಳಿನಲ್ಲಿ ಕೂರಬಹುದು, ಕಡಿಯುವಂತಿಲ್ಲ. ಗುರುತು ಹಾಕಿದ ಮರಗಳಲ್ಲಿ ಎಷ್ಟು ಹಡಗು ಸೇರಿದವೋ ಎಷ್ಟು ನಿಂತಲ್ಲೇ ಟೊಳ್ಳಾದವೋ ದೊರೆಗೇ ಗೊತ್ತಿರಲಾರದು. ಹಾಗಾಗಿ ಜನ ಕಡಿದರು, ಕೊಯ್ದರು, ಅಟ್ಟಕ್ಕೆ ಏರಿಸಿದರು.

ಹಾಗೆ ಮಾಡದವನು ಒಬ್ಬನೇ, ಆಸಹೇಲ್ ಟಾರ್ಬೆಲ್. ಚರ್ಚಿನ ಹಿರಿಯನಾದ್ದರಿಂದ ಊರು ಅವನನ್ನು ಡೀಕನ್ ಎನ್ನುತ್ತಿತ್ತು. ತಮಾಷೆಯೆಂದರೆ ಹಳ್ಳದ ನೀರಿನಿಂದ ಮರ ಕೊಯ್ಯುವ ಮಿಲ್ಲು ಇದ್ದದ್ದೇ ಅವನದು. ಅವನ ಗರಗಸಕ್ಕೆ ಅಗಲದ ದಿಮ್ಮಿ ತಂದರೆ ತಲೆಯಾಡಿಸಿ ಹಿಂದೆ ಕಳಿಸುತ್ತಿದ್ದ. ಜನ ಬೈದುಕೊಂಡು ಕೆಳಗಿನ ಹಳ್ಳಿಯ ಎಲಿಫಲೆಟ್ ಕಿಂಬಾಲನ ಮಿಲ್ಲಿಗೆ ಗಾಡಿ ಹೊಡೆಯುತ್ತಿದ್ದರು. ಆಸಹೇಲ್ ಯಾರ ಮೇಲೂ ದೂರು ಹೇಳಿದವನಲ್ಲ. ಹಾಗೆಂದು ಬೇರೆಯವರು ಮಾಡುತ್ತಾರೆಂದು ತಾನೂ ಮಾಡಿದವನಲ್ಲ. ಅಧಿಕಾರ ದೇವರಿಂದ ಬರುತ್ತದೆ, ಅಧಿಕಾರದ ಮಾತು ಮೀರಬಾರದು ಎಂದು ಅವನಪ್ಪ ಕಲಿಸಿದ್ದ. ಒಳ್ಳೆಯವನು, ಸರಿ. ಅಂಥ ಒಳ್ಳೆಯವರ ಜೊತೆ ಬಾಳುವುದು ಎಷ್ಟು ಕಷ್ಟ ಎಂಬುದನ್ನು ಅವನ ಹೆಂಡತಿಯನ್ನು ಕೇಳಬೇಕು.

ಮದುವೆಯಾದ ಹೊಸದರಲ್ಲಿ ಅವನು ಜೆರೂಷಾಳಿಗೆ ಒಂದು ಮಾತು ಕೊಟ್ಟಿದ್ದ. ಒಂದೇ ಹಲಗೆಯ, ನಡುವೆ ಸಂದಿಲ್ಲದ ಊಟದ ಮೇಜು ಮಾಡಿಕೊಡುತ್ತೇನೆ ಎಂದು. ಆಗ ಮಿಲ್ಲೂ ಇರಲಿಲ್ಲ, ಮನೆಯೂ ಇರಲಿಲ್ಲ. ಇದ್ದದ್ದು ಒಂದು ಕೊಡಲಿ, ಒಂದು ಹಸು, ಮತ್ತು ಅವರು ಮನೆ ಕಟ್ಟಬೇಕೆಂದಿದ್ದ ಜಾಗದ ಹಿಂದೆ ನಿಂತಿದ್ದ ಒಂದು ದೈತ್ಯ ಪೈನ್. ಅದರ ಬುಡದಲ್ಲಿ ಬಾಣದ ಗುರುತು ಆಗಲೇ ಇತ್ತು. ಹುಡುಗ ಆಸಹೇಲ್ ಅದನ್ನು ನೋಡಿರಲಿಲ್ಲ, ಮಾತು ಕೊಟ್ಟ ಮೇಲೆ ನೋಡಿದ. ಆಮೇಲೆ ಅವನ ನೇಗಿಲು ಆ ಮರವನ್ನು ಸುತ್ತಿಕೊಂಡೇ ಹೋಯಿತು. ಮೇಜಿಗೆ ಕಿರಿದಾದ ಹಲಗೆಗಳೇ ಬಂದವು.

ಶನಿವಾರ ಬಂತೆಂದರೆ ಜೆರೂಷಾ ಚಾಕು ಹಿಡಿದು ಮೇಜಿನ ಸಂದುಗಳನ್ನು ಕೆರೆಯುತ್ತಿದ್ದಳು. ಜೋಳದ ಗಂಜಿ, ಹಾಲು, ಹಂದಿಯ ಕೊಬ್ಬು ಎಲ್ಲ ಅಲ್ಲಿ ಇಳಿದು ಹುಳಿಯುತ್ತಿತ್ತು. ಬೇಸಿಗೆಯಲ್ಲಿ ಇರುವೆಗಳು ಸಾಲು ಹಿಡಿದು ಬರುತ್ತಿದ್ದವು.

"ಮಿಲ್ಲು ನಡೆಸೋರ ಹೆಂಡ್ತಿ ನಾನು" ಎನ್ನುತ್ತಿದ್ದಳು ಚಾಕು ನಿಲ್ಲಿಸದೆ. "ಮೇಜು ನೋಡಿದ್ರೆ ಮನೆಮನೆಗೂ ಹೋಗಿ ಚೂರು ಹಲಗೆ ಬೇಡ್ಕೊಂಡು ಬಂದಿರೋ ಹಂಗಿದೆ."

"ಏನು ಮಾಡ್ಲಿ ಹೇಳು. ಮರ ದೊರೇದು."

"ದೊರೆಗೆ ಹೇಳಿ, ಬಂದು ಸಂದು ಕೆರೀಲಿ."

ಅವನು ನಕ್ಕುಬಿಡುತ್ತಿದ್ದ. ಅವಳು ನಗುತ್ತಿರಲಿಲ್ಲ. ಆ ವ್ಯತ್ಯಾಸ ಅವನ ಗಮನಕ್ಕೆ ಬರಲು ಬಹಳ ಕಾಲ ಹಿಡಿಯಿತು.

ಆ ವರ್ಷ ಹಿಮ ಕರಗುವ ಹೊತ್ತಿಗೆ ಹೊಸ ಅಧಿಕಾರಿ ಬಂದ. ಲೋಥ್ರಪ್ ಎಂದು ಹೆಸರು, ದೊರೆಯ ಮರಗಳನ್ನು ಕಾಯುವುದು ಕೆಲಸ. ನಮ್ಮ ಜನ ಅವನಿಗೆ ಮರದ ಸಾಹೇಬ ಎಂದೇ ಹೆಸರಿಟ್ಟರು. ಹಿಂದಿನವನು ಒಂದು ಲೋಟ ಸೇಬಿನ ಮದ್ಯ ಕುಡಿದು ಬಂದ ದಾರಿಗೆ ಹೋಗುತ್ತಿದ್ದ. ಇವನು ಕುಡಿಯುವವನಲ್ಲ. ನೇರ ಎಲಿಫಲೆಟನ ಮಿಲ್ಲಿಗೆ ನುಗ್ಗಿ, ಅಗಲದ ಹಲಗೆಗಳನ್ನೆಲ್ಲ ಹೊರಗೆಳೆಸಿ ಬಾಣದ ಗುರುತು ಹಾಕಿಸಿದ. ಅವು ಎಲಿಫಲೆಟ್ ತನ್ನ ಹೊಸ ಕೊಟ್ಟಿಗೆಗೆಂದು ಕೊಯ್ದಿಟ್ಟ ಹಲಗೆಗಳು. ಗಾಡಿಗೆ ಹೇರಿಸಿ ಎಲ್ಲವನ್ನೂ ಆಸಹೇಲನ ಅಂಗಳಕ್ಕೆ ತಂದು ಇಳಿಸಿದ.

"ಡೀಕನ್ನರೇ, ವಿಚಾರಣೆ ಮುಗಿಯೋವರೆಗೆ ಇವು ನಿಮ್ಮ ಸುಪರ್ದಿನಲ್ಲಿರ್ಲಿ" ಎಂದ. "ಈ ಕಣಿವೇಲಿ ದೊರೆ ನಂಬಬಹುದಾದ ಮನುಷ್ಯ ಅಂದ್ರೆ ನೀವೊಬ್ರೇ."

ಆಸಹೇಲ್ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಲೋಥ್ರಪ್ ಅವನ ಉತ್ತರಕ್ಕೆ ಕಾಯಲೂ ಇಲ್ಲ, ಕುದುರೆ ಹತ್ತಿ ಹೋದ.

ಮುಂದಿನ ಭಾನುವಾರ ಚರ್ಚಿನಲ್ಲಿ ಟಾರ್ಬೆಲ್ ಗಂಡಹೆಂಡಿರ ಬೆಂಚಿನಲ್ಲಿ ಅವರಿಬ್ಬರೇ ಕೂತಿದ್ದರು. ಹಿಂದಿನ ಬೆಂಚಿನವರೂ ಜಾಗ ಬದಲಿಸಿದ್ದರು. ಮಿಲ್ಲಿಗೆ ಸೌದೆಯಂಥ ದಿಮ್ಮಿಯೂ ಬರದಾಯಿತು. ಜೆರೂಷಾ ಯೀಸ್ಟು ಕೇಳಲು ಪಕ್ಕದ ಮನೆಗೆ ಹೋದರೆ, ಇಲ್ಲ ಎಂದರು. ಒಲೆಯ ಪಕ್ಕದಲ್ಲೇ ಯೀಸ್ಟಿನ ಗಡಿಗೆ ನೊರೆಯುಕ್ಕಿಸುತ್ತಾ ಕೂತಿತ್ತು. ಅವಳು ಬರಿಗೈಲಿ ಬಂದು ಹಿಟ್ಟು ಹುಳಿಬಾರದ ಗಟ್ಟಿ ರೊಟ್ಟಿ ಸುಟ್ಟಳು.

ಎಲಿಫಲೆಟ್ ಮಾತ್ರ ಮುಖಾಮುಖಿ ಬಂದ. ಮಳೆ ಹನಿಯುತ್ತಿತ್ತು. ತನ್ನ ಹಲಗೆಗಳು ನೆನೆಯುವುದನ್ನು ನೋಡುತ್ತಾ ಬೇಲಿಯಾಚೆ ನಿಂತ.

"ಕಾವಲು ಚೆನ್ನಾಗಿ ನಡೀತಿದೆಯಾ, ಡೀಕನ್?"

"ನಾನೇನು ಕೇಳ್ಕೊಂಡು ತಂದ್ಕೊಂಡಿದ್ದಲ್ಲ, ಎಲಿಫ್."

"ಬೇಡ ಅಂತ್ಲೂ ಅನ್ಲಿಲ್ಲವಲ್ಲ. ನಾವು ಕಳ್ರೇ ಇರ್ಬಹುದು ಕಣಯ್ಯ. ಆದ್ರೆ ಅವ್ನು ನಮ್ಮನ್ನ ಹಿಡಿಯೋಕೆ ನಿನ್ನ ಒಳ್ಳೆತನಾನೇ ಹಗ್ಗ ಮಾಡ್ಕೊಂಡ."

ಈ ಮಾತು ಆಸಹೇಲನ ಎದೆಗೆ ನಾಟಿತು. ಜೀವಮಾನವಿಡೀ ಕಾಪಾಡಿಕೊಂಡು ಬಂದದ್ದು ಒಂದೇ, ಒಳ್ಳೆಯವನೆಂಬ ಹೆಸರು. ಈಗ ಅದೇ ನೆರೆಯವರ ಕುತ್ತಿಗೆಗೆ ಬಿದ್ದಿತ್ತು. ಕಾಯಿದೆ ಬಿಟ್ಟರೆ ತಾನು ಕಳ್ಳ, ಹಿಡಿದರೆ ತಾನು ಬೇಹುಗಾರ. ಎರಡರ ನಡುವೆ ಸಿಕ್ಕಿಕೊಂಡು ಅವನಿಗೆ ಅನ್ನನೀರು ಸೇರದಾಯಿತು.

ಕೊನೆಗೆ ಪಾದ್ರಿ ಥರ್ಸ್ಟನ್ನರ ಮನೆಗೆ ಹೋದ. ಪಾದ್ರಿ ಹಿತ್ತಲಲ್ಲಿ ಅವರೆಯ ಬಳ್ಳಿಗೆ ಕೋಲು ನೆಡುತ್ತಿದ್ದರು. ಓದಿದವರು, ಮಾತು ಜಾಸ್ತಿ, ಮನಸ್ಸು ಒಳ್ಳೆಯದು. ಆಸಹೇಲ್ ತನ್ನ ಕಷ್ಟ ಹೇಳಿಕೊಂಡ.

"ಸಮುದ್ರದಾಚೆ ಪಂಡಿತರೊಬ್ರು ಬರೆದಿದಾರೆ" ಎಂದರು ಪಾದ್ರಿ. "ದೇವರು ಭೂಮೀನ ಎಲ್ರಿಗೂ ಸೇರಿಸಿ ಕೊಟ್ಟ. ಯಾರು ಅದಕ್ಕೆ ಬೆವರು ಸುರಿಸ್ತಾರೋ ಅವರ್ದಾಗುತ್ತೆ. ನೀವು ಕಾಡು ಕಡಿದ್ರಿ, ಕಲ್ಲು ಆರಿಸಿದ್ರಿ. ಹೊಲ ನಿಮ್ದು, ಹೊಲದಲ್ಲಿರೋ ಮರಾನೂ ನಿಮ್ದು."

ಆಸಹೇಲ್ ಯೋಚಿಸಿದ. ಸುಲಭವಾಗಿ ಒಪ್ಪಿಬಿಟ್ಟಿದ್ದರೆ ಅವನು ಆಸಹೇಲ್ ಹೇಗಾದಾನು.

"ಹೊಲದ ಮಾತು ಸರಿ ಪಾದ್ರಿಗಳೇ. ಮರ ನಾನು ನೆಟ್ಟಿದ್ದಲ್ಲ, ನೀರು ಹಾಕಿದ್ದೂ ಅಲ್ಲ. ನಮಗಿಂತ ಮುಂಚೆ ಆ ಹಳ್ಳದ ದಂಡೇಲಿ ಈ ನೆಲದ ಮೂಲದ ಜನ, ಅಬೆನಾಕಿಗಳು, ಮೀನು ಹಿಡೀತಿದ್ರು. ಬುಟ್ಟಿ ಮಾರೋಕೆ ಬರೋ ಅವರ ಪೈಕಿ ಮುದುಕಿ ಈಗ್ಲೂ ಆ ಮರದ ಕೆಳಗೇ ಕೂತು ಸುಧಾರಿಸ್ಕೊಳ್ತಾಳೆ. ಅದು ನಂದು ಅಂತ ಹೇಳೋಕೆ ನಂಗೆ ನಾಲಿಗೆ ಬರಲ್ಲ."

ಪಾದ್ರಿ ಕೋಲನ್ನು ಮಣ್ಣಿಗೆ ಒತ್ತಿ ನೆಟ್ಟಗೆ ನಿಂತರು. ಮುದುಕಿಯ ವಿಷಯಕ್ಕೆ ಉತ್ತರ ಇದ್ದಂತೆ ಅವರು ನಟಿಸಲಿಲ್ಲ. ಅದು ಅವರ ದೊಡ್ಡತನವೇ.

"ಆಯ್ತು, ಮರ ಯಾರ್ದು ಅನ್ನೋದನ್ನ ಬಿಡಿ. ಇನ್ನೊಂದು ಕೇಳ್ತೀನಿ. ಆ ಕಾಯಿದೆ ಮಾಡೋವಾಗ ನಿಮ್ಮನ್ನ ಯಾರಾದ್ರೂ ಕೇಳಿದ್ರಾ?"

"ನನ್ನನ್ನ? ಇಲ್ಲ."

"ನನ್ನನ್ನೂ ಕೇಳ್ಲಿಲ್ಲ. ಈ ಕಣಿವೇಲಿ ಒಬ್ರನ್ನೂ ಕೇಳ್ಲಿಲ್ಲ. ಆಳೋನ ಅಧಿಕಾರ ಆಳಿಸ್ಕೊಳ್ಳೋರು ಕೊಟ್ಟಿದ್ದು, ಡೀಕನ್. ಅವರನ್ನ ಕೇಳ್ದೆ ಅವರ ಬದುಕಿನ ಮೇಲೆ ಗುರುತು ಹಾಕೋ ಹಕ್ಕು ಯಾವ ದೊರೆಗೂ ಇಲ್ಲ. ನೀವು ದೇವರಿಗೆ ಅಂತ ಬಗ್ಗಿಸಿರೋ ತಲೆ ಮೇಲೆ ಇನ್ಯಾರೋ ಹತ್ತಿ ಕೂತಿದಾರೆ, ಅಷ್ಟೆ."

ದಾರಿಯುದ್ದಕ್ಕೂ ಆಸಹೇಲ್ ಈ ಮಾತನ್ನೇ ಮೆಲುಕು ಹಾಕಿದ. ಮನೆ ತಲುಪುವ ಹೊತ್ತಿಗೆ ಅವನ ಮುಖ ಕೆಂಪೇರಿತ್ತು. ಜೆರೂಷಾ ಚಾಕು ಹಿಡಿದು ಮೇಜಿನ ಮುಂದೆ ಬಗ್ಗಿದ್ದಳು. ದೊರೆ ತೆರಿಗೆ ಹಾಕಿದನೆಂದು ಟೀ ಬಿಟ್ಟ ಮೇಲೆ ಊರವರೆಲ್ಲ ಕುಡಿಯುತ್ತಿದ್ದ ರಾಸ್ಬೆರಿ ಎಲೆಯ ಕಷಾಯ ಪಕ್ಕದಲ್ಲಿ ಆರುತ್ತಿತ್ತು.

"ಯಾರೂ ನಮ್ಮನ್ನ ಕೇಳ್ಲಿಲ್ಲ, ಜೆರೂಷಾ" ಎಂದ ಬಾಗಿಲಲ್ಲೇ ನಿಂತು. "ಕಾಯಿದೆ ಮಾಡಿದ್ರು, ಗುರುತು ಹಾಕಿದ್ರು, ಈಗ ನನ್ನನ್ನ ಕಾವಲುಗಾರ ಬೇರೆ ಮಾಡಿದ್ರು. ಒಂದು ಮಾತು ಕೇಳ್ಲಿಲ್ಲ ನೋಡು. ಎಂಥ ಅನ್ಯಾಯ."

ಅವಳು ಚಾಕು ಕೆಳಗಿಟ್ಟಳು.

"ನನ್ನನ್ನ ಯಾರು ಕೇಳಿದ್ರು?"

"ಅದೇ ಹೇಳ್ತಿರೋದು, ಯಾರನ್ನೂ..."

"ದೊರೆ ವಿಷಯ ಅಲ್ಲ ರೀ ನಾನು ಹೇಳ್ತಿರೋದು. ಮರ ಕಡಿಯಲ್ಲ ಅಂತ ನೀವು ತೀರ್ಮಾನ ಮಾಡಿದ್ರಿ. ಮಾತು ಕೊಟ್ಟೋರು ನೀವು, ಮುರಿದೋರೂ ನೀವು. ಊರವರ ದಿಮ್ಮಿ ವಾಪಸ್ ಕಳಿಸಿದ್ರಿ. ಆ ಹಲಗೆಗಳು ಅಂಗಳಕ್ಕೆ ಬಂದಾಗ ಸುಮ್ನೆ ನಿಂತ್ರಿ. ಯೀಸ್ಟು ಸಿಗದೆ ವಾಪಸ್ ಬಂದೋಳು ಯಾರು? ನಾನು. ಮದುವೆಯಾದಾಗಿಂದ ಒಂದು ಸಲ, ನೀನೇನಂತೀಯ ಅಂತ ಕೇಳಿದೀರಾ?"

ನಿಜ ಹೇಳುವುದೇ ವ್ರತವಾದವನಿಗೆ ಆ ಗಳಿಗೆಯಲ್ಲಿ ಹೇಳಲು ಇದ್ದ ನಿಜ ಒಂದೇ, ಕೇಳಿಲ್ಲ ಎಂಬುದು. ಅದನ್ನೂ ಹೇಳಲಾಗದೆ ಅವನು ಹೊರಗೆ ಹೋಗಿ, ಕೆಲಸವಿಲ್ಲದೆ ನಿಂತಿದ್ದ ಮಿಲ್ಲಿನ ಚಕ್ರವನ್ನು ನೋಡುತ್ತಾ ಕೂತ. ದಿನಗಳು ಹಾಗೇ ಕಳೆದವು. ಇಬ್ಬರೂ ಅಗತ್ಯಕ್ಕೆ ತಕ್ಕಷ್ಟೇ ಮಾತಾಡಿದರು.

ಒಂದು ಬೆಳಿಗ್ಗೆ, ಎಲೆಗಳು ಕೆಂಪಾಗುವ ಕಾಲ, ಅವನು ಹಟ್ಟಿಗೆ ಬಂದು ಹಾಲು ಕರೆಯುತ್ತಿದ್ದ ಹೆಂಡತಿಯ ಪಕ್ಕ ನಿಂತ. ಟೋಪಿಯನ್ನು ಕೈಯಲ್ಲಿ ಹಿಡಿದಿದ್ದ.

"ಮನೆ ಹಿಂದಿನ ಮರ ಕಡೀಬೇಕು ಅಂತಿದೀನಿ. ಮುಚ್ಚುಮರೆ ಇಲ್ದೆ. ಕಡಿದ್ರೆ ದಂಡ ಹಾಕ್ತಾರೆ. ಮಿಲ್ಲು ಹೋದ್ರೂ ಹೋಗ್ಬಹುದು. ಅದು ನನ್ನೊಬ್ಬನ ಮಿಲ್ಲಲ್ಲ. ನೀನೇನಂತೀಯ?"

ಜೆರೂಷಾ ಕೆಚ್ಚಲು ಬರಿದಾಗುವವರೆಗೆ ಕರೆದಳು. ಅವಳಿಗೆ ಅಳು ಬಂದಿತ್ತು, ಅದು ಅವನಿಗೆ ಕಾಣದಿರಲೆಂದು ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡಿದ್ದಳು.

"ಮಿಲ್ಲು ಹೋದ್ರೆ ಏನು ತಿಂತೀವಿ?"

"ಹೊಲ ಇದೆ. ಎಲಿಫ್ ಕರೆದ್ರೆ ಅವನ ಮಿಲ್ಲಲ್ಲಿ ಕೂಲಿ ಮಾಡ್ತೀನಿ."

"ಅವನು ಕರೆಯಲ್ಲ, ನೀವೇ ಹೋಗಿ ಕೇಳ್ಬೇಕು."

"ಕೇಳ್ತೀನಿ. ಕೇಳೋದು ಈಗ ಅಭ್ಯಾಸ ಆಗ್ತಿದೆ."

ಅವಳಿಗೆ ನಗು ಬಂತು. "ಹಾಗಾದ್ರೆ ಕಡೀರಿ. ಆದ್ರೆ ಒಂದು ಷರತ್ತು. ಹಲಗೆ ಅಟ್ಟಕ್ಕೆ ಹೋಗ್ಬಾರ್ದು. ಅಷ್ಟು ಕಷ್ಟಪಟ್ಟು ಕಳ್ಳರ ಥರ ಬದುಕೋ ಹಾಗಿದ್ರೆ ಈ ಸಂದೇ ಇರ್ಲಿ."

ಅವನು ಮೊದಲು ಮಾಡಿದ ಕೆಲಸ ಎಲಿಫಲೆಟನಿಗೆ ಹೇಳಿಕಳಿಸಿದ್ದು. "ನಿನ್ನ ಹಲಗೆ ಬಂದು ತಗೊಂಡು ಹೋಗು, ಕಾವಲಿಗೆ ನಾನು ಒಪ್ಪಿದೋನಲ್ಲ" ಎಂದು. ಎಲಿಫಲೆಟ್ ಗಾಡಿ ತಂದವನು ಹಲಗೆ ಹೇರುವುದನ್ನು ಆಮೇಲಕ್ಕಿಟ್ಟುಕೊಂಡು, ಬರಿಗಾಡಿಯನ್ನು ಅಲ್ಲೇ ಬಿಟ್ಟು ಕೊಡಲಿ ಎತ್ತಿಕೊಂಡ. ಮರ ಬಿದ್ದಾಗ ಸೀಳದಿರಲೆಂದು ಇಬ್ಬರೂ ಸಣ್ಣ ಮರಗಳ ರೆಂಬೆ ಹಾಸಿದರು. ಹಾಡುಹಗಲಲ್ಲಿ ಪೈನ್ ನೆಲಕ್ಕೆ ಬಿದ್ದ ಸದ್ದಿಗೆ ಊರೆಲ್ಲ ಓಡಿಬಂತು. ಬುಟ್ಟಿ ಮಾರುವ ಮುದುಕಿ ಆ ಸಲ ಬಂದಾಗ ಬುಟ್ಟಿ ಇಳಿಸಿ ಕಡಿದ ಬುಡದ ಮೇಲೆ ಕೂತಳು. ಅವಳನ್ನೂ ಕೇಳಬೇಕಿತ್ತು ಎಂದು ಆಸಹೇಲನಿಗೆ ಹೊಳೆದದ್ದು ಆಗ. ಆ ಕೊರಗು ಅವನಿಗೆ ಸಾಯುವವರೆಗೂ ಉಳಿಯಿತು.

ಕೊಯ್ದ ಹಲಗೆಗಳು ಚಳಿಗಾಲವಿಡೀ ರಸ್ತೆಗೆ ಕಾಣುವ ಹಾಗೆ ಅಂಗಳದಲ್ಲೇ ಒಣಗಿದವು. ಹೋಗುವವರು ಬರುವವರು ನಿಂತು ಅಂಗೈಯಿಂದ ಅಗಲ ಅಳೆದು ಹೋಗುತ್ತಿದ್ದರು. ಬೆಂಚಿನಲ್ಲಿ ಮತ್ತೆ ಜನ ಕೂತರು. ಯೀಸ್ಟು ಕೇಳದೆಯೇ ಬಂತು. ವಸಂತದಲ್ಲಿ ಅವನು ಒಂದು ಹಲಗೆಗೆ ಉಳಿಯಿಟ್ಟು, ಉಜ್ಜಿ, ಕಾಲು ಕೂಡಿಸಿ, ಕಿಟಕಿಯ ಕೆಳಗೆ ಮೇಜು ಇರಿಸಿದ. ಜೆರೂಷಾ ಅಂದು ಮಾಡುವ ಕೆಲಸವೆಲ್ಲ ಬಿಟ್ಟು ಅದರ ಮುಂದೆ ಸುಮ್ಮನೆ ಕೂತಿದ್ದಳು.

ಆ ಮೇಜಿನಿಂದಾಗಿ ಮಿಲ್ಲಿನ ಗರಗಸ ಜಪ್ತಿಯಾಯಿತು, ಆಸಹೇಲ್ ಎಲಿಫಲೆಟನ ಕೈಕೆಳಗೆ ಕೂಲಿ ಮಾಡಿದ. ಕೆಲವು ವರ್ಷಗಳಲ್ಲಿ ದೊರೆಯ ವಿರುದ್ಧ ಯುದ್ಧವೇ ಬಂತು, ಅವನ ಬಾಣದ ಗುರುತು ಹಾಕುವವರೇ ಇಲ್ಲವಾದರು. ಯಾಕೆ ಬಂತು ಎಂದು ದೊಡ್ಡವರು ದೊಡ್ಡದಾಗಿ ಹೇಳುತ್ತಾರೆ, ತೆರಿಗೆ ಎನ್ನುತ್ತಾರೆ, ಟೀ ಎನ್ನುತ್ತಾರೆ, ಪಂಡಿತರ ಗ್ರಂಥ ಎನ್ನುತ್ತಾರೆ. ಎಲ್ಲವೂ ಇರಬಹುದು. ನಮ್ಮೂರಿನವರು ಮಾತ್ರ ಲೋಥ್ರಪ್ ಊಟಕ್ಕೆ ಕೂತ ದಿನದ ಮಾತು ಹೇಳುತ್ತಾರೆ.

ಅವನು ಬಂದದ್ದು ಮೇಜು ಇಟ್ಟ ವಸಂತದಲ್ಲೇ, ಒಂದು ಮಧ್ಯಾಹ್ನ. ತಾನು ಇಳಿಸಿಹೋದ ಹಲಗೆಗಳು ಎಲ್ಲಿ ಎಂದು ಕೂಗಾಡಲು ಬಾಯಿ ತೆರೆಯುವ ಮುಂಚೆ ಜೆರೂಷಾ ಕುರ್ಚಿ ಎಳೆದು, "ದೂರದಿಂದ ಬಂದಿದೀರಿ, ಮೊದ್ಲು ಊಟ ಮಾಡಿ" ಎಂದಳು. ಕಾಕಂಬಿ ಹಾಕಿ ಬೇಯಿಸಿದ ಅವರೆ, ಕಂದು ರೊಟ್ಟಿ ಬಂತು. ಹಸಿದಿದ್ದ, ಕೂತ. ಅರ್ಧ ತಿಂದ ಮೇಲೆ ಅವನ ಕೈ ತಟ್ಟೆಯ ಪಕ್ಕದಲ್ಲಿ ಮೇಜನ್ನು ಸವರಿತು. ಮುಂದಕ್ಕೆ ಹೋಯಿತು. ಅಂಚಿನವರೆಗೆ ಹೋಗಿ ಹಿಂದಕ್ಕೆ ಬಂತು. ಎಲ್ಲೂ ಬೆರಳು ತಡೆಯಲಿಲ್ಲ.

"ಸಂದು ಎಲ್ಲಿ?" ಎಂದ.

"ಸಂದಿಲ್ಲ" ಎಂದ ಆಸಹೇಲ್, ಎದುರು ಕೂತು ರೊಟ್ಟಿ ಮುರಿಯುತ್ತಾ.

"ಮನೆ ಹಿಂದಿದ್ದ ದೊರೆ ಮರಾನಾ ಇದು?"

"ಅದೇ."

ಲೋಥ್ರಪ್ ಚಮಚ ಕುಕ್ಕಿ ಎದ್ದು ನಿಂತ. "ಯಾರನ್ನ ಕೇಳಿ ಕಡಿದೆ ನೀನು?"

ಆಸಹೇಲ್ ಬಾಯಿ ಒರೆಸಿಕೊಂಡ. ಒಲೆಯ ಹತ್ತಿರ ಗಡಿಗೆ ಹಿಡಿದು ನಿಂತಿದ್ದ ಹೆಂಡತಿಯ ಕಡೆ ಕೈ ತೋರಿಸಿದ.

"ಇವಳನ್ನ ಕೇಳಿ ಕಡಿದೆ."

ಲೋಥ್ರಪ್ ತಿರುಗಿ ಅವಳನ್ನು ನೋಡಿದ, ಇದೇನು ಹುಚ್ಚು ಎನ್ನುವ ಹಾಗೆ.

"ಹೌದು, ಕೇಳಿದ್ರು" ಎಂದಳು ಜೆರೂಷಾ. "ನಾನು ಹೂಂ ಅಂದೆ. ಕೂತ್ಕೊಳ್ಳಿ, ಇನ್ನೊಂದು ಚೂರು ಅವರೆ ಬಡಿಸ್ತೀನಿ."