ಬಾಯಿ ಏಕೆ ಒಣಗಿತೆಂದು ಕೇಳಿದ ವೈದ್ಯೆ

ಹಲ್ಲಿನ ವೈದ್ಯರೆಂದರೆ ಹಲ್ಲು ಕೀಳುವವರು ಎಂದಷ್ಟೇ ನಮ್ಮ ಕೊಪ್ಪಳ ಸೀಮೆಯ ಜನ ಬಹುಕಾಲ ತಿಳಿದಿದ್ದರು. ಹಲ್ಲಿಗಿಂತ ಆಚೆಗೆ ಕಣ್ಣು ಹಾಯಿಸಿ, ಬಾಯನ್ನು ಸದಾ ತೇವವಾಗಿಡುವ ಲಾಲಾಗ್ರಂಥಿಗಳನ್ನು ತೀರದ ಬೆರಗಿನಿಂದ ನೋಡುತ್ತ, ಆ ಬೆರಗನ್ನು ಮೂರು ದಶಕಗಳ ಸರ್ಕಾರಿ ಸೇವೆಯಲ್ಲಿಯೂ ಬತ್ತಗೊಡದೆ ಉಳಿಸಿಕೊಂಡ ಡಾ. ಹೇಮಾವತಿಯವರಿಗೆ ಈ ಭಾಗದ ದಂತವೈದ್ಯರಲ್ಲಿ ಸಲ್ಲುವ ಸ್ಥಾನವೇ ಬೇರೆ.

ಹನುಮಸಾಗರದ ಒಕ್ಕಲು ಮನೆತನದ ಓಬಳೆಪ್ಪನವರ ಮಗಳಾಗಿ ಹುಟ್ಟಿ, ಯಲಬುರ್ಗಾದಲ್ಲಿ ಸೇವೆಗೆ ಸೇರಿ, ಕುಷ್ಟಗಿಯಲ್ಲಿ ಹೆಸರು ಮಾಡಿ, ಗಂಗಾವತಿಗೆ ಬರುವ ಹೊತ್ತಿಗೆ ಅವರ ಒಂದು ವಿಚಿತ್ರ ಪದ್ಧತಿ ಅವರಿಗಿಂತ ಮೊದಲೇ ಊರು ತಲುಪಿತ್ತು. ಬಾಯಿ ಒಣಗುತ್ತದೆಂದು ಬಂದವರಿಗೆ ಅವರು ಕಡಕ್ ಜೋಳದ ರೊಟ್ಟಿಯ ಚೂರು ಕೊಟ್ಟು, ನೀರಿಲ್ಲದೆ ತಿನ್ನಲು ಹೇಳಿ, ನುಂಗುವುದನ್ನೇ ನೋಡುತ್ತ ಕೂರುತ್ತಿದ್ದರು. ದವಾಖಾನೆಯಲ್ಲಿ ಔಷಧ ಮುಗಿದರೂ ರೊಟ್ಟಿ ಮುಗಿಯದೆಂದು ಸಹೋದ್ಯೋಗಿಗಳು ಚೇಷ್ಟೆ ಮಾಡಿದರೆ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅವರೇ.

ಆ ರೊಟ್ಟಿಯನ್ನು ನುಂಗಲಾರದೆ ಸೋತವನು ಪಕ್ಕದ ಮರಳಿ ಗ್ರಾಮದ ಯಮನೂರ. ಕುಬೇರಪ್ಪನವರ ಅಕ್ಕಿ ಅಂಗಡಿಯಲ್ಲಿ ಬಂದ ಮಾಲಿನ ಒಂದು ಹಿಡಿಯನ್ನು ಬೇಯಿಸಿ, ಬರಿಯ ಅನ್ನವನ್ನು ಅಗಿದು, ಹಳತೋ ಹೊಸತೋ ಬೆರಕೆಯೋ ಎಂದು ಹೇಳುವುದು ಅವನ ಕೆಲಸ. ಈಚೆಗೆ ಬಾಯಿ ಒಣಗಿ ರುಚಿ ತಿಳಿಯದೆ ಅವನ ಮಾತು ಮೇಲಿಂದ ಮೇಲೆ ತಪ್ಪಾಗುತ್ತಿತ್ತು. ಹೀಗೇ ಆದರೆ ಚೀಲ ಹೊರಲು ಹೋಗೆಂದು ಸಾವ್ಕಾರರು ಎಚ್ಚರಿಸಿದ್ದರು. ಬೆನ್ನು ಕೆಟ್ಟವನಿಗೆ ಅದು ಮನೆಗೆ ಕಳಿಸಿದಂತೆಯೇ.

ತಂಬಾಕು, ಗುಟ್ಕಾ ಏನಾದರೂ ಉಂಟೇ ಎಂದು ಡಾಕ್ಟರು ಕೇಳಿದರು. ಬೀಡಿಯನ್ನೂ ಬಿಟ್ಟಿದ್ದೇನೆಂದು ಅವನು ಹೆಮ್ಮೆಯಿಂದ ಹೇಳಿದ. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಚೀಟಿ ಬರೆಯಲು ಹೊರಟ ಅವರ ಕೈ ತಡೆಯಿತು. ಪುಷ್ಯಮಾಸದ ಚಳಿಯಲ್ಲಿ ಅವನ ಬಾಯಿಂದ ಮಾವಿನಹಣ್ಣಿನ ವಾಸನೆ ಬರುತ್ತಿತ್ತು. ಕೆದಕಿ ಕೇಳಿದಾಗ ಒಳಜೇಬಿನಿಂದ ಮಾವಿನ ಪರಿಮಳದ, ಪೆನ್ನಿನಂಥ ಇ-ಸಿಗರೇಟು ಹೊರಬಂತು. ಮಾರಾಟ ನಿಷೇಧವಾಗಿದ್ದರೂ ಕದ್ದುಮುಚ್ಚಿ ಸಿಗುವ ವಸ್ತು ಅದು.

"ಇದು ಹೊಗಿ ಅಲ್ರೀ ಮೇಡಮ್, ಬರೇ ಉಗಿ," ಎಂದ.

ಬಿಟ್ಟುಬಿಡು ಎಂದು ಅವರು ಆಗಲೇ ಹೇಳಿದರು. ಆದರೆ ಆ ಉಗಿ ಮಾತ್ರ ಅವರ ತಲೆಯನ್ನು ಬಿಡಲಿಲ್ಲ. ಅದು ಗ್ರಂಥಿಗೆ ನಿಜಕ್ಕೂ ಏನು ಮಾಡುತ್ತದೆ? ಕುಬೇರಪ್ಪನವರ ಅಂಗಡಿಗೆ ತಾವೇ ಹೋಗಿ, ಇ-ಸಿಗರೇಟಿನ ಸುದ್ದಿ ಎತ್ತದೆ, ಬಾಯಿ ಸುಧಾರಿಸುವವರೆಗೆ ಯಮನೂರನನ್ನು ತಕ್ಕಡಿಯ ಮುಂದೆ ಕೂರಿಸುವಂತೆ ಒಪ್ಪಿಸಿ ಬಂದರು. ಬಳಿಕ, ಓರಗೆಯವರು ಪಿಂಚಣಿಯ ಮಾತಾಡುವ ವಯಸ್ಸಿನಲ್ಲಿ, ಕೊಪ್ಪಳದ ಕಾಲೇಜೊಂದರಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿ ಹೆಸರು ಬರೆಸಿ, ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತತೊಡಗಿದರು.

ಅಲ್ಲಿನ ಪ್ರಯೋಗಾಲಯದಲ್ಲಿ ಇ-ಸಿಗರೇಟಿನ ಉಗಿಯಲ್ಲಿಟ್ಟ ಇಲಿಗಳ ಗ್ರಂಥಿಗಳಲ್ಲಿ ಲಾಲಾರಸ ಸುರಿಸುವ ಕೋಶಗಳು ಸೊರಗಿದ್ದವು. ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಕೋಶಗಳಿಗೆ ಆಗುವ ಹಾನಿಯನ್ನು ತಡೆಯುವ ಉತ್ಕರ್ಷಣ ನಿರೋಧಕಗಳನ್ನು ಜೊತೆಜೊತೆಗೆ ಕೊಟ್ಟ ಇಲಿಗಳಲ್ಲಿ ಹಾನಿ ಕಡಿಮೆಯಿತ್ತು; ಹಾನಿಯೇ ಇರಲಿಲ್ಲವೆಂದಲ್ಲ. ಹಿಗ್ಗು ತಡೆಯದೆ, ಎರಡೂ ಬಗೆಯ ಇಲಿಗಳ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರಗಳನ್ನು ದವಾಖಾನೆಯ ಆಯಾ ಸುಂಕಲಮ್ಮನವರಿಗೂ ತೋರಿಸಿದರು. ಎರಡೂ ಒಂದೇ ಗುಲಾಬಿ ರಂಗೋಲಿಯಂತಿವೆಯೆಂದು ಆಕೆ ಹೇಳಿದಾಗ, ಪಕ್ಕದಲ್ಲಿ ಕೂತು ವ್ಯತ್ಯಾಸವನ್ನು ಬೆರಳಿಟ್ಟು ತೋರಿಸಿದರು.

ಸುದ್ದಿ ಯಮನೂರನಿಗೂ ಮುಟ್ಟಿತು. ಅವನು ಸೇದುವುದನ್ನು ಕಡಿಮೆ ಮಾಡಿದ್ದನೇ ಹೊರತು ಬಿಟ್ಟಿರಲಿಲ್ಲ.

"ಇಲಿಗೆ ಕೊಟ್ಟ ಆ ಗುಳಿಗಿ ಬರದು ಕೊಡ್ರಿ. ಅದನ್ನ ತೊಗೊಂತ ಇದನ್ನೂ ಸೇದ್ತೀನಿ. ಇದನ್ನ ಬಿಟ್ರ ಮತ್ತ ಬೀಡಿಗೆ ಹೋಗ್ತೀನಿ ಅಂತ ಅಂಜಿಕಿ ಐತ್ರಿ."

ತಮ್ಮದೇ ಫಲಿತಾಂಶಕ್ಕೆ ಹೇಮಾವತಿಯವರು ಅಂದು ಮೊದಲ ಬಾರಿ ಹೆದರಿದರು. ಇಷ್ಟು ಕಷ್ಟಪಟ್ಟು ಕಂಡುಕೊಂಡದ್ದು ಊರವರಿಗೆಲ್ಲ ಸೇದಲು ಪರವಾನಗಿಯಾದೀತೇ?

"ಇಲಿ ತಾನಾಗಿ ಸೇದಿಲ್ಲಪಾ ಯಮನೂರ, ನಾವು ಹಿಡಿದು ಕೂಡಿಸಿದ್ವಿ," ಎಂದರು ಮೆಲ್ಲಗೆ. "ಬಿಟ್ಟು ಎದ್ದು ಹೋಗಾಕ ಅದಕ್ಕ ಬರ್ತಿರಲಿಲ್ಲ. ನಿನಗ ಬರ್ತೈತಿ."

ಅವನು ಒಳಜೇಬಿನಿಂದ ಇ-ಸಿಗರೇಟನ್ನು ತೆಗೆದು ಮೇಜಿನ ಮೇಲಿಟ್ಟು ಹೋದ. ಚಟ ಎಳೆದಾಗಲೆಲ್ಲ ಬಂದು ಕೂರಲು ಅವನಿಗೆ ಅವರ ಕೋಣೆಯ ಬಾಗಿಲು ತೆರೆದಿತ್ತು. ಎಷ್ಟೋ ಮಧ್ಯಾಹ್ನ ತಮ್ಮ ಬುತ್ತಿಯನ್ನು ಅವನೊಂದಿಗೆ ಹಂಚಿಕೊಂಡು ಉಂಡರು. ಅವನು ಬೀಡಿಗೆ ಮರಳಲಿಲ್ಲ. ಮರುವರ್ಷದ ಸುಗ್ಗಿಯಲ್ಲಿ ಬಂದು, ಅನ್ನದ ರುಚಿ ನೋಡಲು ಸಾವ್ಕಾರರು ಮತ್ತೆ ಕೂರಿಸಿದ್ದಾರೆಂದು ತಿಳಿಸಿದ.

"ಪೂರಾ ಬಂದಿಲ್ರಿ ಮೇಡಮ್. ರುಚಿ ಅರ್ಧ ಬಂದೈತಿ."

ಬೇರೆಯವರಾಗಿದ್ದರೆ ಸಂತೋಷ ಎನ್ನುತ್ತಿದ್ದರು. ಅವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕೇಳಿದರು: "ಯಾವ ಅರ್ಧ?"

ಈ ತಿಂಗಳು ನಿವೃತ್ತರಾಗುತ್ತಿರುವ ಡಾ. ಹೇಮಾವತಿಯವರಿಗೆ ಆ ಪ್ರಶ್ನೆಯ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ಅದು ಸಿಗುವಷ್ಟು ಆಯುಷ್ಯವೂ, ಸಿಕ್ಕ ಮರುದಿನ ಇನ್ನೊಂದನ್ನು ಕೇಳುವಷ್ಟು ಆರೋಗ್ಯವೂ ಅವರಿಗಿರಲಿ.